ಬೀಜ, ಸಾವು, ಸಾಮ್ಯ: ನಿಸರ್ಗದ ಜೀವನಚಕ್ರ ಮತ್ತು ಕ್ರೈಸ್ತ ಮಕ್ಕಳ ಬೋಧನೆಯ ಕನ್ನಡ (ಅಮರಗೋಳ ಪರಿಸರವನ್ನು ಅನುಲಕ್ಷಿಸಿ)

ಕ್ರೈಸ್ತ ಧರ್ಮಬೋಧನೆಯಲ್ಲಿ ನಿಸರ್ಗಕ್ಕೆ ವಿಶಿಷ್ಟವಾದ ಸ್ಥಾನವಿದೆ. ಬಿತ್ತುವವನು, ಸಾಸಿವೆಯ ಕಾಳು, ಗೋದಿಯ ನಡುವಿನ ಕಳೆ, ಅಂಜೂರದ ಮರ, ದ್ರಾಕ್ಷಿಯ ಬಳ್ಳಿ ಇವೆಲ್ಲ ಸುವಾರ್ತೆಗಳಲ್ಲಿ ಉಪಮಾನಗಳಾಗಿ ಬಂದಿವೆ. ಭಾನುವಾರದ ಶಾಲೆಯಲ್ಲಿ ಮಗು ಇವುಗಳನ್ನು ನಂಬಿಕೆಯ ಮಾತಾಗಿ ಕೇಳುತ್ತದೆ. ಮರುದಿನ ಅದೇ ಬೀಜ, ಅದೇ ಮೊಳಕೆ ‘ಪರಿಸರ ಅಧ್ಯಯನ’ದ ಪಾಠವಾಗಿ ಅದರ ಎದುರಿಗೆ ಬರುತ್ತವೆ. ಮನೆಯ ಸುತ್ತಲಿನ ಹಬ್ಬಹರಿದಿನಗಳಲ್ಲಿ ಅದೇ ಬೀಜ ಮೂರನೆಯ ಒಂದು ಅರ್ಥವನ್ನು ಹೊತ್ತು ನಿಂತಿರುತ್ತದೆ. ಈ ಮೂರು ಮಾತುಗಳೂ ಮಗುವಿಗೆ ತಲುಪುವುದು ಒಂದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ. ಆದುದರಿಂದ ನಿಸರ್ಗದ ಜೀವನಚಕ್ರವನ್ನು ಕ್ರೈಸ್ತ ನಂಬಿಕೆಯೊಡನೆ ಮಕ್ಕಳಿಗೆ ಕಲಿಸುವ ಪ್ರಶ್ನೆ ಧರ್ಮಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ಭಾಷೆಯ ಪ್ರಶ್ನೆಯೂ ಆಗಿದೆ. ‘ಸಾಯು’, ‘ಮೊಳೆ’, ‘ಹುಟ್ಟು’, ‘ಏಳು’ ಎಂಬ ಕ್ರಿಯಾಪದಗಳು ಈ ಬೋಧನೆಯಲ್ಲಿ ಯಾವ ಯಾವ ಅರ್ಥಗಳನ್ನು ಹೊರುತ್ತವೆ, ಎಲ್ಲಿ ಒಂದರ ಅರ್ಥ ಇನ್ನೊಂದಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಹುಬ್ಬಳ್ಳಿ–ಧಾರವಾಡದ ನಡುವಿನ ಅಮರಗೋಳದ ಪರಿಸರವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

೧. ಪರಿಸರ

ಅಮರಗೋಳ ಹಳೆಯ ಊರು. ಕಲ್ಯಾಣ ಚಾಲುಕ್ಯ ಶೈಲಿಯ ಶಂಕರಲಿಂಗ ಮತ್ತು ಬನಶಂಕರಿ ದೇವಾಲಯಗಳು ಅದರ ಪ್ರಾಚೀನತೆಗೆ ಸಾಕ್ಷಿಯಾಗಿವೆ. ಇಂದು ಅದು ೧೯೬೨ರಲ್ಲಿ ರೂಪುಗೊಂಡ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಭಾಗ. ನವನಗರ ಅದರ ಪಕ್ಕದಲ್ಲಿದೆ; ಕೃಷಿ ಉತ್ಪನ್ನ ಮಾರುಕಟ್ಟೆಯ ವಿಸ್ತಾರವಾದ ಪ್ರಾಂಗಣ ಅಲ್ಲಿಯೇ ಇದೆ. ಮಲೆನಾಡಿನ ಸೆರಗಿಗೂ ನವಲಗುಂದದ ಕಡೆಯ ಬಯಲಿನ ಎರೆಯ ನೆಲಕ್ಕೂ ನಡುವಿನ ಈ ಭಾಗವನ್ನು ಕೃಷಿವಿಜ್ಞಾನದಲ್ಲಿ ಉತ್ತರ ಸಂಕ್ರಮಣ ವಲಯವೆಂದು ಕರೆಯುತ್ತಾರೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ. ಹಿಂಗಾರಿಗೆ ಜೋಳ, ಕಡಲೆ, ಗೋದಿ ಈ ಸೀಮೆಯ ಬೆಳೆಗಳು.

ಈ ಪರಿಸರದ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿಯ ಮಗು ಧಾನ್ಯವನ್ನು ಹೆಚ್ಚಾಗಿ ಕಾಣುವುದು ಚೀಲದಲ್ಲಿ ಮತ್ತು ರಾಶಿಯಲ್ಲಿ. ಬಿತ್ತನೆ, ಎಡೆ ಹೊಡೆಯುವುದು, ತೆನೆ ಮುರಿಯುವುದು, ಒಕ್ಕಣೆ ಇವು ಅದರ ಕಣ್ಣಿನಿಂದ ದೂರ ಸರಿಯುತ್ತಿವೆ. ಅಜ್ಜ ಅಜ್ಜಿಯರ ಮಾತಿನಲ್ಲಿ ಉಳಿದಿರುವ ಕೂರಿಗೆ, ಹಗೇವು, ಕಣ, ಮೇಟಿ, ಸೀತನಿ ಎಂಬ ಶಬ್ದಗಳನ್ನು ಕೇಳಿದ ಮಕ್ಕಳಲ್ಲಿ ಆ ವಸ್ತುಗಳನ್ನು ಕಣ್ಣಾರೆ ಕಂಡವರು ಕಡಿಮೆಯಾಗುತ್ತಿದ್ದಾರೆ. ಬೇಸಾಯದ ಉಪಮಾನಗಳ ಮೇಲೆ ನಿಂತ ಯಾವುದೇ ಬೋಧನೆಗೆ ಇದು ಮೂಲಭೂತವಾದ ತೊಡಕು. ಉಪಮಾನವು ಉಪಮೇಯಕ್ಕಿಂತ ಹೆಚ್ಚು ಪರಿಚಿತವಾಗಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಬೀಜವೇ ಅಪರಿಚಿತವಾದಾಗ ಅದರಿಂದ ದೇವರಾಜ್ಯವನ್ನು ತಿಳಿಸುವ ಮಾತು ಬರಿಯ ಕಂಠಪಾಠವಾಗಿ ಉಳಿಯುತ್ತದೆ.

೨. ಬೋಧನೆಯ ಭಾಷೆ ರೂಪುಗೊಂಡ ಬಗೆ

ಈ ಸೀಮೆಯಲ್ಲಿ ಕ್ರೈಸ್ತ ಬೋಧನೆಯ ಕನ್ನಡ ರೂಪುಗೊಂಡದ್ದು ಮುಖ್ಯವಾಗಿ ಬಾಸೆಲ್ ಮಿಶನ್ನಿನ ಮೂಲಕ. ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆ ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ, ೧೮೩೯ರಲ್ಲಿ ಹುಬ್ಬಳ್ಳಿಗೆ ಬಂದಿತು. ಗದಗದ ಬಳಿಯ ಬೆಟಗೇರಿ ಮತ್ತು ಮಲಸಮುದ್ರಗಳಲ್ಲಿ ೧೮೪೦ರ ದಶಕದ ಆರಂಭದಲ್ಲಿಯೇ ಅದರ ಕೇಂದ್ರಗಳು ತೆರೆದವು. ಮಲಸಮುದ್ರದಲ್ಲಿ ಬೇಸಾಯವನ್ನು ಆಧರಿಸಿದ ಕ್ರೈಸ್ತ ವಸತಿಯೊಂದನ್ನು ಕಟ್ಟುವ ಪ್ರಯತ್ನ ನಡೆಯಿತು. ಅಂದರೆ ಈ ಬೋಧನೆ ಆರಂಭದಿಂದಲೂ ಒಕ್ಕಲುತನದ ಜನರ ನಡುವೆ, ಅವರ ಮಾತಿನಲ್ಲಿ ನಡೆಯಬೇಕಾಗಿತ್ತು.

ಬೈಬಲ್ಲಿನ ಕನ್ನಡ ಅನುವಾದಕ್ಕೆ ಬಳ್ಳಾರಿಯ ಜಾನ್ ಹ್ಯಾಂಡ್ಸ್ ತಳಹದಿ ಹಾಕಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವೈಗ್ಲೆ, ಮೊಗ್ಲಿಂಗ್ ಮೊದಲಾದ ಬಾಸೆಲ್ ಮಿಶನರಿಗಳು ಅದರ ಪರಿಷ್ಕರಣೆಯಲ್ಲಿ ತೊಡಗಿದರು. ಗೋದಿಯ ನಡುವೆ ವೈರಿ ಬಿತ್ತಿ ಹೋದ ಕಳೆಗೆ ಕನ್ನಡ ಸತ್ಯವೇದದಲ್ಲಿ ‘ಹಣಜಿ’ ಎಂಬ ದೇಸಿ ಶಬ್ದ ಬಂದಿರುವುದು ಗಮನಾರ್ಹ. ಗ್ರೀಕ್ ಮೂಲದಲ್ಲಿರುವುದು ಪಶ್ಚಿಮ ಏಷ್ಯಾದ ಗೋದಿಯ ಹೊಲಗಳಲ್ಲಿ ಬೆಳೆಯುವ, ತೆನೆ ಬರುವತನಕ ಗೋದಿಯಂತೆಯೇ ಕಾಣುವ ಒಂದು ಹುಲ್ಲು. ಅನುವಾದದಲ್ಲಿ ಆ ಹುಲ್ಲಿನ ಹೆಸರಿಗಿಂತ ಒಕ್ಕಲಿಗನ ಅನುಭವಕ್ಕೆ ಬೆಲೆ ಸಿಕ್ಕಿದೆ.

೧೮೫೩ರಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲಿ ನೆಲೆಸಿ ಕನ್ನಡ ಕಲಿತ ಫರ್ಡಿನಾಂಡ್ ಕಿಟ್ಟೆಲ್ ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಭಾಮಿನಿ ಷಟ್ಪದಿಯಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ೧೮೯೪ರಲ್ಲಿ ಪ್ರಕಟವಾದ ಅವರ ನಿಘಂಟು ಶಿಷ್ಟ ಕಾವ್ಯಗಳ ಪದಗಳೊಡನೆ ಗಾದೆಗಳನ್ನೂ ಒಕ್ಕಲುತನದ ನುಡಿಗಳನ್ನೂ ಸಂಗ್ರಹಿಸಿತು. ಧಾರವಾಡದಲ್ಲಿ ೧೮೮೧ರಲ್ಲಿ ಜನಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಭಾಪಾಲಕರಾಗಿದ್ದುಕೊಂಡೇ ಹಳ್ಳಿ ಹಳ್ಳಿ ಸುತ್ತಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ಕ್ರೈಸ್ತ ಬೋಧಕನೊಬ್ಬ ಮಳೆ, ಬೆಳೆ, ಎತ್ತು, ಉಣಿಸುಗಳ ಲೋಕಾನುಭವವನ್ನು ದೇಸಿ ಛಂದಸ್ಸಿನಲ್ಲಿ ಅರಸುತ್ತ ಹೋದದ್ದು ಆಕಸ್ಮಿಕವಲ್ಲ. ಬೋಧನೆಯ ಮಾತು ನೆಲದ ಮಾತಾಗಬೇಕೆಂಬ ಎಚ್ಚರ ಅದರ ಹಿಂದಿದೆ ಎನ್ನಬಹುದು.

ಈ ಪರಂಪರೆಯಲ್ಲಿ ಬಂದ ಒಂದು ಪಾರಿಭಾಷಿಕ ಪದ ಪ್ರಸ್ತುತ ಚರ್ಚೆಗೆ ಬಹಳ ಮುಖ್ಯ. ಯೇಸುವಿನ ದೃಷ್ಟಾಂತ ಕಥೆಗಳನ್ನು ಪ್ರಾಟೆಸ್ಟೆಂಟ್ ಕನ್ನಡವು ‘ಸಾಮ್ಯ’ ಎಂದು, ಕಥೋಲಿಕ ಕನ್ನಡವು ‘ಸಾಮತಿ’ ಎಂದು ಕರೆಯುತ್ತದೆ. ಹೆಸರೇ ಹೇಳುವಂತೆ ಇದು ಹೋಲಿಕೆ, ಅಭೇದವಲ್ಲ. ಉಪಮೆಯಲ್ಲಿ ಉಪಮಾನ ಮತ್ತು ಉಪಮೇಯಗಳ ನಡುವೆ ಒಂದು ಸಾಧಾರಣ ಧರ್ಮವಿರುತ್ತದೆ. ಉಳಿದ ಧರ್ಮಗಳಲ್ಲಿ ಅವು ಬೇರೆಯಾಗಿಯೇ ಇರುತ್ತವೆ. ಮುಖ ಚಂದ್ರನಂತಿದೆ ಎಂದಾಗ ಮುಖದಲ್ಲಿ ಕಲೆಯಿದೆ ಎಂದು ಯಾರೂ ತಿಳಿಯುವುದಿಲ್ಲ. ಮಕ್ಕಳ ಬೋಧನೆಯಲ್ಲಿ ಎಡವುವುದು ಹೆಚ್ಚಾಗಿ ಈ ಗೆರೆಯನ್ನು ದಾಟಿದಾಗ.

೩. ಬೀಜ ಸಾಯುತ್ತದೆಯೇ?

ಯೋಹಾನನ ಸುವಾರ್ತೆಯ ೧೨ನೆಯ ಅಧ್ಯಾಯದಲ್ಲಿ ಗೋದಿಯ ಕಾಳಿನ ಮಾತು ಬರುತ್ತದೆ. ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂಟಿಯಾಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ ಎಂಬುದು ಅದರ ಸಾರ. ವಿಜ್ಞಾನದ ಪಾಠದಲ್ಲಿಯಾದರೋ ಮಗು ಬೀಜ ಜೀವಂತವಾದುದು, ಅದರೊಳಗೆ ಭ್ರೂಣವಿದೆ, ನೀರು, ಗಾಳಿ ಮತ್ತು ತಕ್ಕ ಉಷ್ಣತೆ ದೊರೆತಾಗ ಅದು ಮೊಳೆಯುತ್ತದೆ ಎಂದು ಕಲಿಯುತ್ತದೆ. ಸತ್ತ ಬೀಜ ಮೊಳೆಯುವುದಿಲ್ಲ. ಹಾಗಾದರೆ ಯಾವುದು ನಿಜ ಎಂದು ಮಗು ಕೇಳಿದರೆ ಅದು ಅವಿಧೇಯತೆಯಲ್ಲ, ನ್ಯಾಯವಾದ ಪ್ರಶ್ನೆ.

ಗೋದಿಯ ಕಾಳಿನ ರಚನೆಯನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಕಾಳಿನ ತೂಕದ ಶೇಕಡಾ ೮೦ಕ್ಕೂ ಹೆಚ್ಚು ಭಾಗ ಹಿಟ್ಟು ತುಂಬಿದ ಭ್ರೂಣಾಹಾರ. ಭ್ರೂಣದ ಪಾಲು ಶೇಕಡಾ ೨ರಿಂದ ೩ರಷ್ಟು ಮಾತ್ರ. ಕಾಳು ಬಲಿತು ಒಣಗುವ ಹೊತ್ತಿಗೆ ಹಿಟ್ಟಿನ ಭಾಗದ ಜೀವಕೋಶಗಳು ಆಗಲೇ ಸತ್ತಿರುತ್ತವೆ. ಅದರ ಸುತ್ತ ಒಂದು ತೆಳುವಾದ ಜೀವಂತ ಪದರವಿರುತ್ತದೆ. ಕಾಳು ನೀರು ಹೀರಿದಾಗ ಭ್ರೂಣವು ಕಳಿಸುವ ರಾಸಾಯನಿಕ ಸಂಕೇತಕ್ಕೆ ಓಗೊಟ್ಟು ಆ ಪದರದ ಕೋಶಗಳು ಕಿಣ್ವಗಳನ್ನು ಸ್ರವಿಸುತ್ತವೆ. ಕಿಣ್ವಗಳು ಹಿಟ್ಟನ್ನು ಸಕ್ಕರೆಯಾಗಿ ಒಡೆದು ಬೆಳೆಯುವ ಭ್ರೂಣಕ್ಕೆ ಉಣಿಸುತ್ತವೆ. ಕೆಲಸ ಮುಗಿದ ಬಳಿಕ ಆ ಪದರದ ಕೋಶಗಳೂ ಸಾಯುತ್ತವೆ. ಮೊದಲು ಬೇರು ಹೊರಬರುತ್ತದೆ, ಅನಂತರ ಸುಳಿ. ಕೆಲವು ದಿನಗಳಲ್ಲಿ ಕಾಳು ಬರಿದಾದ ಸಿಪ್ಪೆಯಾಗುತ್ತದೆ.

ಹೀಗೆ ಒಂದು ಕಾಳಿನೊಳಗೆ ಸಾಯುವುದೂ ಇದೆ, ಸಾಯದೆ ಮುಂದುವರಿಯುವುದೂ ಇದೆ. ಭ್ರೂಣ ಸಾಯುವುದಿಲ್ಲ. ಅದನ್ನು ಉಣಿಸಿದ ಭಾಗ ತನ್ನನ್ನು ತೆತ್ತು ಮುಗಿಯುತ್ತದೆ. ಸಾಮ್ಯದ ಸಾಧಾರಣ ಧರ್ಮವಾದ ‘ತನ್ನನ್ನು ತೆರುವುದು’ ಮತ್ತು ‘ಒಂದು ಹಲವಾಗುವುದು’ ವಿಜ್ಞಾನದ ವಿವರಣೆಗೆ ವಿರುದ್ಧವಾಗಿಲ್ಲ. ‘ಸಾಯು’ ಎಂಬ ಕ್ರಿಯಾಪದವನ್ನು ಇಡೀ ಬೀಜಕ್ಕೆ ಶಾಸ್ತ್ರೀಯವಾಗಿ ಅನ್ವಯಿಸಿದಾಗ ಮಾತ್ರ ಘರ್ಷಣೆ ಹುಟ್ಟುತ್ತದೆ. ಒಕ್ಕಲಿಗರ ಕನ್ನಡದಲ್ಲಿ ಈ ಪ್ರಸಂಗಕ್ಕೆ ‘ಬೀಜ ಒಡೆಯಿತು’, ‘ಕಾಳು ಮೊಳೆಯಿತು’, ‘ಬೀಜ ಕೊಳೆತುಹೋಯಿತು’ ಎಂಬ ಬೇರೆ ಬೇರೆ ಮಾತುಗಳಿವೆ. ಒಡೆಯುವುದು ಹುಟ್ಟಿನ ಗುರುತು. ಕೊಳೆಯುವುದು ನಷ್ಟದ ಗುರುತು. ಮಗುವಿನ ಮುಂದೆ ಈ ವ್ಯತ್ಯಾಸವನ್ನು ಇಟ್ಟರೆ ಅದು ಸಾಮ್ಯವನ್ನು ಸಾಮ್ಯವಾಗಿಯೇ ಗ್ರಹಿಸಬಲ್ಲದು.

ಈ ಪಾಠಕ್ಕೆ ಬೇಕಾದ ಸಾಮಗ್ರಿ ದೂರದಲ್ಲೇನೂ ಇಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಗಳಲ್ಲಿ ಬೆಳೆಯುವ ಜವೆಗೋದಿಯು ಸುಮಾರು ೧೦,೦೦೦ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯರು ಪಳಗಿಸಿದ ಗೋದಿಯ ತಳಿ. ಬೈಬಲ್ಲಿನ ನಾಡಿಗೂ ಉತ್ತರ ಕರ್ನಾಟಕದ ಹೊಲಕ್ಕೂ ಇರುವ ಈ ನಂಟು ಕಲ್ಪನೆಯದಲ್ಲ, ಸಸ್ಯಶಾಸ್ತ್ರದ್ದು. ಹಾಗೆಯೇ ಸುವಾರ್ತೆಯ ಅಂಜೂರ ಮತ್ತು ಇಲ್ಲಿಯ ಅರಳಿ, ಆಲ, ಅತ್ತಿಗಳು ಒಂದೇ ಕುಲಕ್ಕೆ ಸೇರಿದವು. ಅಂಜೂರದ ಕೊಂಬೆ ಎಳಸಾಗಿ ಎಲೆ ಬಿಟ್ಟಾಗ ಬೇಸಿಗೆ ಹತ್ತಿರವಾಯಿತೆಂದು ತಿಳಿಯುವ ಮಾತನ್ನು ಇಲ್ಲಿಯ ಮಗು ಅರಳಿಯ ಕೆಂಪು ಚಿಗುರಿನಲ್ಲಿ ಕಣ್ಣಾರೆ ಕಾಣಬಹುದು.

ಎಲ್ಲ ಸಾಮ್ಯಗಳೂ ಇಷ್ಟು ಸುಲಭವಾಗಿ ಹೊಂದುವುದಿಲ್ಲ ಎಂಬುದೂ ನಿಜ. ಬಿತ್ತುವವನ ಸಾಮ್ಯದಲ್ಲಿ ಬೀಜ ದಾರಿಯಲ್ಲಿ, ಕಲ್ಲುನೆಲದಲ್ಲಿ, ಮುಳ್ಳುಗಿಡಗಳಲ್ಲಿ ಬೀಳುತ್ತದೆ. ಅದು ಕೈಯಿಂದ ಚೆಲ್ಲಿ ಬಿತ್ತುವ ಪದ್ಧತಿ. ಎರೆಯ ಹೊಲದಲ್ಲಿ ಕೂರಿಗೆಯ ಬಟ್ಟಲಿಗೆ ಹಾಕಿದ ಕಾಳು ಸಾಲು ಹಿಡಿದು ಮಣ್ಣಿನೊಳಗೆ ಇಳಿಯುತ್ತದೆ. ದಾರಿಗೆ ಬೀಳುವುದು ಅಪರೂಪ. ಒಕ್ಕಲುಮನೆಯ ಮಗುವಿಗೆ ಆ ಬಿತ್ತುವವನು ಬೇಜವಾಬ್ದಾರಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಎರಡು ಬಿತ್ತನೆಯ ಪದ್ಧತಿಗಳನ್ನು ಹೋಲಿಸಿ ತೋರಿಸಿದರೆ ಈ ತೊಡಕೇ ಪಾಠವಾಗುತ್ತದೆ. ನೆಲ ಎಂಥದೆಂದು ನೋಡದೆ ಎಲ್ಲ ಕಡೆಗೂ ಬೀಜ ಚೆಲ್ಲುವುದರಲ್ಲಿಯೇ ಸಾಮ್ಯದ ಔದಾರ್ಯ ಅಡಗಿದೆ ಎಂಬ ಅರ್ಥ ಆ ಹೋಲಿಕೆಯಿಂದ ತಾನಾಗಿಯೇ ಹೊಳೆಯುತ್ತದೆ.

೪. ಜೋಕುಮಾರ, ಹುರಿದ ಬೀಜ, ಗೋದಿಯ ಕಾಳು

ಅಮರಗೋಳದಂಥ ಊರಿನ ಕ್ರೈಸ್ತ ಮಗು ಕ್ರೈಸ್ತ ಮನೆಯಲ್ಲಿ ಮಾತ್ರ ಬೆಳೆಯುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಓರಗೆಯ ಮಕ್ಕಳು ಮಣ್ಣಿನ ಎತ್ತು ಮಾಡುತ್ತಾರೆ. ಆಷಾಢದಲ್ಲಿ ಗುಳ್ಳವ್ವನನ್ನು ಕೂರಿಸುತ್ತಾರೆ. ಭಾದ್ರಪದದಲ್ಲಿ ಜೋಕುಮಾರ ಬುಟ್ಟಿಯಲ್ಲಿ ಕುಳಿತು ಓಣಿಗೆ ಬರುತ್ತಾನೆ. ಘಟಸ್ಥಾಪನೆಯಲ್ಲಿ ಮಣ್ಣಿಗೆ ಹಾಕಿದ ಕಾಳು ದಸರೆಯ ಹೊತ್ತಿಗೆ ಸಸಿಯಾಗಿರುತ್ತದೆ. ಸೀಗಿ ಹುಣ್ಣಿಮೆಯಲ್ಲಿ ಭೂಮಿ ಬಸುರಿಯೆಂದು ಭಾವಿಸಿ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಇವೆಲ್ಲ ಮಕ್ಕಳಿಗೆ ಪುಸ್ತಕವಿಲ್ಲದೆ ನಿಸರ್ಗಚಕ್ರವನ್ನು ಕಲಿಸುವ ಪಾಠಗಳು.

ಜೋಕುಮಾರನ ಆಚರಣೆಯನ್ನು ವಿಶೇಷವಾಗಿ ನೋಡಬೇಕು. ಅಷ್ಟಮಿಗೆ ಹುಟ್ಟಿ, ಏಳು ದಿನ ಮೆರೆದು, ಅನಂತನ ಹುಣ್ಣಿಮೆಗೆ ಸಾಯುವ ಈ ದೇವರ ಸಾವಿನಿಂದ ಮಳೆ ಬರುತ್ತದೆಂಬ ನಂಬಿಕೆ ಇದೆ. ಮರುವರ್ಷ ಹೊಸ ಮಣ್ಣಿನಲ್ಲಿ ಮತ್ತೆ ಅವನು ಹುಟ್ಟುತ್ತಾನೆ. ಇಲ್ಲಿಯ ಸಾವು ಆವರ್ತಕ. ಬೆಳೆ ವರ್ಷವರ್ಷವೂ ಬಂದು ಹೋಗುವಂತೆ ದೇವರೂ ಬಂದು ಹೋಗುತ್ತಾನೆ.

ಭಾರತೀಯ ದರ್ಶನಗಳಲ್ಲಿ ಬೀಜಕ್ಕೆ ಇದಕ್ಕಿಂತ ಭಿನ್ನವಾದ ಇನ್ನೊಂದು ಅರ್ಥವಿದೆ. ಅಲ್ಲಿ ಕರ್ಮವೇ ಬೀಜ, ಜನ್ಮವೇ ಮೊಳಕೆ. ಬೀಜ ಮೊಳೆಯುವವರೆಗೆ ಬಂಧನ ತಪ್ಪದು. ಹುರಿದ ಬೀಜ ಮತ್ತೆ ಮೊಳೆಯದು, ಆದುದರಿಂದ ಅದು ಮುಕ್ತಿಯ ಸಂಕೇತ. ಈ ದಗ್ಧಬೀಜನ್ಯಾಯ ಯೋಗ ಮತ್ತು ಜೈನ ಗ್ರಂಥಗಳಲ್ಲಿ ಪ್ರಸಿದ್ಧವಾದುದು. ಕನ್ನಡದ ಭಕ್ತಿ ಮತ್ತು ತತ್ತ್ವಸಾಹಿತ್ಯಕ್ಕೂ ಅದು ಹೊಸದಲ್ಲ.

ಈ ಎರಡರ ಪಕ್ಕದಲ್ಲಿ ಸುವಾರ್ತೆಯ ಗೋದಿಯ ಕಾಳನ್ನು ಇಟ್ಟು ನೋಡಿದರೆ ಒಂದು ಅಪೂರ್ವವಾದ ತಿರುವು ಕಾಣುತ್ತದೆ. ದಾರ್ಶನಿಕ ಪರಂಪರೆಯಲ್ಲಿ ಮೊಳೆಯುವುದು ಬಂಧನ, ಮೊಳೆಯದಿರುವುದು ಬಿಡುಗಡೆ. ಸುವಾರ್ತೆಯಲ್ಲಿ ಮೊಳೆಯುವುದೇ ಜೀವ, ಮೊಳೆಯದೆ ಒಂಟಿಯಾಗಿ ಉಳಿಯುವುದು ನಷ್ಟ. ಜೋಕುಮಾರನ ಸಾವು ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಕ್ರಿಸ್ತನ ಸಾವು ಒಂದೇ ಸಲ ಆದದ್ದು. ಒಂದೇ ವಸ್ತು ಮೂರು ಭಿನ್ನ ಅರ್ಥವ್ಯವಸ್ಥೆಗಳಲ್ಲಿ ಮೂರು ಬಗೆಯಾಗಿ ನಿಲ್ಲುತ್ತದೆ. ಕನ್ನಡದ ಮಗುವಿನ ಕಿವಿಯಲ್ಲಿ ಈ ಮೂರೂ ಕೂಡಿಯೇ ಇರುತ್ತವೆ. ಆದುದರಿಂದ ಜೀವನಚಕ್ರವನ್ನು ತೋರಿಸಿ ‘ಹೀಗೆಯೇ ನಾವೂ ಮತ್ತೆ ಬರುತ್ತೇವೆ’ ಎಂದು ಮುಗಿಸಿದರೆ ಮಗು ಅದನ್ನು ಪುನರ್ಜನ್ಮವೆಂದು ತಿಳಿಯುವುದೇ ಸಹಜ.

ಕನ್ನಡ ಬೈಬಲ್ ‘ಪುನರುತ್ಥಾನ’ ಎಂಬ ಪದವನ್ನು ನೆಲೆಗೊಳಿಸಿರುವುದರ ಮಹತ್ವ ಇಲ್ಲಿ ತಿಳಿಯುತ್ತದೆ. ‘ಪುನರ್’ ಎಂಬ ಪೂರ್ವಪದ ಎರಡಕ್ಕೂ ಸಮಾನ. ಉತ್ತರಪದದಲ್ಲಿ ವ್ಯತ್ಯಾಸವಿದೆ. ಒಂದರಲ್ಲಿ ಜನ್ಮ, ಇನ್ನೊಂದರಲ್ಲಿ ಏಳುವಿಕೆ. ಪುನರ್ಜನ್ಮದಲ್ಲಿ ದೇಹ ಬೇರೆಯಾಗುತ್ತದೆ, ಗುರುತು ಮರೆಯಾಗುತ್ತದೆ. ಪುನರುತ್ಥಾನದಲ್ಲಿ ಅದೇ ವ್ಯಕ್ತಿ ಏಳುತ್ತಾನೆಂಬ ನಂಬಿಕೆ ಇದೆ. ನಿಸರ್ಗದ ಚಕ್ರ ಈ ಎರಡೂ ಅಲ್ಲ. ಬಿತ್ತಿದ ಕಾಳು ಮರಳಿ ಬರುವುದಿಲ್ಲ. ಅದರ ಸಂತತಿ ಬರುತ್ತದೆ. ನಿಸರ್ಗದಲ್ಲಿ ಉಳಿಯುವುದು ಜಾತಿ, ವ್ಯಕ್ತಿಯಲ್ಲ. ಈ ಭೇದ ಪೌಲನಿಗೂ ತಿಳಿದಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ೧೫ನೆಯ ಅಧ್ಯಾಯದಲ್ಲಿ, ಸತ್ತವರು ಎಂಥ ದೇಹದಿಂದ ಬರುತ್ತಾರೆಂಬ ಪ್ರಶ್ನೆಗೆ ಅವನು ಬೀಜದ ದೃಷ್ಟಾಂತವನ್ನೇ ಕೊಡುತ್ತಾನೆ. ಆದರೆ ಅಲ್ಲಿ ಒತ್ತು ಬೀಳುವುದು ಬಿತ್ತಿದ್ದಕ್ಕೂ ಬೆಳೆದದ್ದಕ್ಕೂ ಇರುವ ಅಂತರದ ಮೇಲೆ. ಯೋಹಾನನ ೩ನೆಯ ಅಧ್ಯಾಯದಲ್ಲಿ ನಿಕೊದೇಮನು ಮುದುಕನಾದವನು ಮತ್ತೆ ತಾಯಿಯ ಗರ್ಭ ಸೇರಲಾದೀತೇ ಎಂದು ಕೇಳುವುದೂ ರೂಪಕವನ್ನು ವಾಚ್ಯಾರ್ಥವಾಗಿ ಹಿಡಿದ ಪ್ರಶ್ನೆಯೇ. ಮಕ್ಕಳು ಕೇಳುವ ಪ್ರಶ್ನೆಗೆ ಮೂಲಗ್ರಂಥದಲ್ಲಿಯೇ ಹೀಗೆ ಸ್ಥಾನವಿದೆ.

೫. ಸಭೆಯ ಪಂಚಾಂಗ ಮತ್ತು ಮಳೆಯ ಪಂಚಾಂಗ

ಜೀವನಚಕ್ರದ ಬೋಧನೆಗೆ ಕಾಲವೂ ಒಂದು ಅಂಗ. ಪಶ್ಚಿಮ ಏಷ್ಯಾದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅಲ್ಲಿ ಮೊದಲ ಮಳೆಗೆ ಬಿತ್ತಿ ಪಸ್ಕದ ಹೊತ್ತಿಗೆ ಜವೆಯನ್ನೂ ಅನಂತರ ಗೋದಿಯನ್ನೂ ಕೊಯ್ಯುತ್ತಾರೆ. ಪಾಸ್ಕ ಹಬ್ಬಕ್ಕೂ ಸುಗ್ಗಿಗೂ ಆ ನೆಲದಲ್ಲಿ ನೇರ ಸಂಬಂಧವಿದೆ. ಯುರೋಪಿನಲ್ಲಿ ಅದೇ ಹಬ್ಬ ಹಿಮ ಕರಗಿ ಹುಲ್ಲು ಚಿಗುರುವ ವಸಂತಕ್ಕೆ ಹೊಂದಿಕೊಂಡಿತು. ಮೊಟ್ಟೆ, ಹೂ, ಚಿಟ್ಟೆಗಳ ಚಿತ್ರಗಳು ಆ ಋತುವಿನಿಂದ ಬಂದವು.

ಮಾರ್ಚ್ ೨೨ರಿಂದ ಏಪ್ರಿಲ್ ೨೫ರ ನಡುವೆ ಬೀಳುವ ಈಸ್ಟರ್ ಹುಬ್ಬಳ್ಳಿ–ಧಾರವಾಡದಲ್ಲಿ ಬಿರುಬೇಸಿಗೆಯ ಹಬ್ಬ. ಚಿತ್ತಿ, ಸ್ವಾತಿ ಮಳೆಗಳ ಹಸಿಯನ್ನು ನಂಬಿ ಬಿತ್ತಿದ ಗೋದಿ, ಕಡಲೆಗಳು ಅಷ್ಟರಲ್ಲಿ ಕಟಾವಾಗಿ ಎರೆಯ ನೆಲ ಬಾಯ್ಬಿಟ್ಟಿರುತ್ತದೆ. ಹೊಲದಲ್ಲಿ ಹಸುರಿಲ್ಲದ ಆ ಕಾಲದಲ್ಲಿಯೇ ಬೇವು ಹೂಬಿಡುತ್ತದೆ, ಹೊಂಗೆ ಮತ್ತು ಅರಳಿ ಚಿಗುರುತ್ತವೆ. ಬೇರು ಆಳಕ್ಕೆ ಇಳಿದ ಮರ ಮಳೆಯಿಲ್ಲದೆಯೂ ಚಿಗುರುವುದು ಈ ನೆ‍ಲದ ವಸಂತದ ಲಕ್ಷಣ. ಪುನರುತ್ಥಾನದ ಹಬ್ಬಕ್ಕೆ ಇದಕ್ಕಿಂತ ಬಲವಾದ ದೇಸಿ ಉಪಮಾನ ಬೇಕಿಲ್ಲ. ಆದರೂ ಹಬ್ಬದ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಬೇರೆ ಹವಾಮಾನದ ಹೂಗಳೇ.

ಬೇಸಿಗೆಯ ರಜೆಯಲ್ಲಿ ನಡೆಯುವ ಬೈಬಲ್ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಬಿತ್ತುವವನ ಸಾಮ್ಯವನ್ನು ಕಲಿಸುವಾಗ ಹೊಲ ಖಾಲಿಯಾಗಿರುತ್ತದೆ. ರೋಹಿಣಿ ಮಳೆ ಬರುವ ಹೊತ್ತಿಗೆ ರಜೆ ಮುಗಿದಿರುತ್ತದೆ. ಅದೇ ಸಾಮ್ಯವನ್ನು ಮೃಗಶಿರ ಮಳೆಯ ವೇಳೆಗೆ, ಹಣಜಿಯ ಸಾಮ್ಯವನ್ನು ಎಡೆ ಹೊಡೆಯುವ ಕಾಲಕ್ಕೆ, ಮಾರ್ಕನ ೪ನೆಯ ಅಧ್ಯಾಯದ ಮೊಳಕೆ, ತೆನೆ, ಬಲಿತ ಕಾಳು ಎಂಬ ಕ್ರಮವನ್ನು ಹಿಂಗಾರಿ ಜೋಳ ಹೊಡೆ ಬಿಚ್ಚುವ ದಿನಗಳಿಗೆ ಹೊಂದಿಸಿದರೆ ಭಾನುವಾರದ ಶಾಲೆಯ ವರ್ಷ ಮಳೆಯ ವರ್ಷದೊಡನೆ ನಡೆಯುತ್ತದೆ. ಹಾಲುಗಾಳಿನ ಹಂತ ದಾಟಿದ ಜೋಳದ ತೆನೆಯನ್ನು ಸುಟ್ಟು ತಿನ್ನುವ ಸೀತನಿಯ ರುಚಿ ಕಂಡ ಮಗುವಿಗೆ ಆ ಮೂರು ಹಂತಗಳನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಂಥ ಹೊಂದಾಣಿಕೆ ಕರ್ನಾಟಕದಲ್ಲಿಯೇ ಯಶಸ್ವಿಯಾಗಿರುವುದಕ್ಕೆ ಕರಾವಳಿಯ ಕಥೋಲಿಕರ ತೆನೆಹಬ್ಬ ನಿದರ್ಶನ. ಸೆಪ್ಟೆಂಬರ್ ೮ರಂದು ಬರುವ ಮರಿಯಮ್ಮನ ಜನ್ಮದಿನವು ಅಲ್ಲಿ ಭತ್ತದ ಹೊಸ ತೆನೆಯ ಹಬ್ಬವೂ ಆಗಿದೆ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂಗಳನ್ನು ಆಯ್ದು ತಂದು ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆಯ ಕಾಳುಗಳನ್ನು ಮನೆಗೆ ಒಯ್ದು ಕುಟುಂಬದವರೆಲ್ಲ ಹೊಸ ಊಟದಲ್ಲಿ ಹಂಚಿಕೊಳ್ಳುತ್ತಾರೆ. ಅಲ್ಲಿ ಯಾವ ಹೂ ಯಾವಾಗ ಅರಳುತ್ತದೆ, ತೆನೆ ಎಂದು ಬಲಿಯುತ್ತದೆ ಎಂಬ ತಿಳಿವಳಿಕೆ ಭಕ್ತಿಯ ಒಳಗೇ ಸೇರಿಹೋಗಿದೆ. ಬಯಲುಸೀಮೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಬೆಳೆಯ ಕಾಣಿಕೆ ತರುವ ಸುಗ್ಗಿಯ ಆರಾಧನೆಗೂ ಇಂಥ ಶಕ್ತಿಯಿದೆ. ೨೦೧೫ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸೃಷ್ಟಿಯ ರಕ್ಷಣೆಯನ್ನು ಕುರಿತು ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರದ ಬಳಿಕ ನಿಸರ್ಗಪಾಠಕ್ಕೆ ಜಗತ್ತಿನ ಸಭೆಗಳಲ್ಲಿ ಹೊಸ ಒತ್ತು ದೊರೆತಿದೆ. ಆ ಒತ್ತು ಇಲ್ಲಿ ಬೇರೂರಬೇಕಾದರೆ ಇಲ್ಲಿಯ ಮಳೆಯ ಹೆಸರುಗಳು ಅದರಲ್ಲಿ ಸೇರಬೇಕು.

೬. ಮಗುವಿನ ಎದುರಿಗೆ ಸಾವು

ಈ ಚರ್ಚೆ ಪಾರಿಭಾಷಿಕ ಸೂಕ್ಷ್ಮವಾಗಿ ಮಾತ್ರ ಉಳಿಯದಿರುವುದು ಒಂದು ಕಾರಣಕ್ಕೆ. ಜೀವನಚಕ್ರದ ಪಾಠ ಯಾವಾಗಲಾದರೊಮ್ಮೆ ಮನೆಯ ಸಾವಿಗೆ ಬಂದು ನಿಲ್ಲುತ್ತದೆ. ಸತ್ತವರು ಮರಳುವುದಿಲ್ಲ, ಎಲ್ಲರೂ ಸಾಯುತ್ತಾರೆ, ಸತ್ತ ದೇಹಕ್ಕೆ ಹಸಿವು ನೋವುಗಳಿಲ್ಲ ಎಂಬ ತಿಳಿವಳಿಕೆ ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳು ವರ್ಷದ ನಡುವೆ ಮೂಡುತ್ತದೆಂದು ಬಾಲಮನೋವಿಜ್ಞಾನ ಹೇಳುತ್ತದೆ. ಅದಕ್ಕಿಂತ ಚಿಕ್ಕ ಮಗು ರೂಪಕವನ್ನು ರೂಪಕವೆಂದು ತಿಳಿಯದು.

ಕ್ರೈಸ್ತ ಕನ್ನಡದಲ್ಲಿ ಮರಣಕ್ಕೆ ‘ಕರ್ತನಲ್ಲಿ ನಿದ್ರೆಹೋದರು’ ಎಂಬ ಮಾತು ರೂಢಿಯಲ್ಲಿದೆ. ಧಾರವಾಡ ಸೀಮೆಯಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು ಮಾಡುವುದು’, ‘ಮಣ್ಣು ಕೊಡುವುದು’ ಎನ್ನುತ್ತಾರೆ; ಸಂಸ್ಕಾರಕ್ಕೆ ಹೋಗಿಬರುವುದಕ್ಕೆ ‘ಮಣ್ಣಿಗೆ ಹೋಗಿಬರುವುದು’ ಎಂಬ ಬಳಕೆಯಿದೆ. ಕ್ರೈಸ್ತರೂ ಮುಸ್ಲಿಮರೂ ಲಿಂಗಾಯತರೂ ಹೂಳುವ ಪದ್ಧತಿಯವರಾದ್ದರಿಂದ ಈ ಮಾತು ಊರಿನ ಬಹುಪಾಲು ಮಕ್ಕಳ ಕಿವಿಗೆ ಬಿದ್ದಿರುತ್ತದೆ. ಬೀಜವನ್ನೂ ಮಣ್ಣಿಗೆ ಹಾಕುತ್ತಾರೆ, ಅಜ್ಜಿಯನ್ನೂ ಮಣ್ಣಿಗೆ ಕೊಡುತ್ತಾರೆ. ಬೀಜ ನಾಲ್ಕು ದಿನಕ್ಕೆ ಎದ್ದಿತು, ಅಜ್ಜಿ ಎಂದು ಏಳುತ್ತಾಳೆ ಎಂಬ ಪ್ರಶ್ನೆ ಈ ಭಾಷೆಯೊಳಗಿನಿಂದಲೇ ಹುಟ್ಟುವಂಥದು. ಮಲಗಿದವರು ಏಳಲಿಲ್ಲವೆಂದರೆ ನಿದ್ರೆಗೇ ಹೆದರುವ ಮಗುವೂ ಇರಬಹುದು.

ಆಗ ಬೋಧಕನು ಬೀಜದ ಸಾಮ್ಯವನ್ನು ಸಮಾಧಾನವಾಗಿ ಅವಸರದಲ್ಲಿ ಮುಂದೊಡ್ಡುವುದು ಸರಿಯಲ್ಲ. ದೇಹ ಸತ್ತಿದೆ, ಅದು ಮೊಳೆಯುವುದಿಲ್ಲ, ಅದು ಮಣ್ಣಾಗುತ್ತದೆ ಎಂಬುದನ್ನು ಮೊದಲು ನೇರವಾಗಿ ಹೇಳಬೇಕು. ಮಣ್ಣಾಗುವುದು ಅವಮಾನವಲ್ಲ, ತಿಪ್ಪೆಯಲ್ಲಿ ಕಸ ಗೊಬ್ಬರವಾಗುವಂತೆ ಅದೂ ಸೃಷ್ಟಿಯ ಕ್ರಮ ಎಂಬುದು ವಿಜ್ಞಾನದ ಮಾತು; ಮನುಷ್ಯ ಮಣ್ಣಿನವನು ಎಂಬುದು ಬೈಬಲ್ಲಿನ ಆದಿಕಾಂಡದ ಮಾತೂ ಹೌದು. ಇದಾದ ಬಳಿಕ ‘ದೇವರು ಎಬ್ಬಿಸುತ್ತಾನೆಂದು ನಾವು ನಂಬುತ್ತೇವೆ’ ಎಂದರೆ ಅದು ನಂಬಿಕೆಯ ವಾಕ್ಯವಾಗಿ ನಿಲ್ಲುತ್ತದೆ. ‘ಮೊಳೆಯುತ್ತದೆ’ ಎಂಬ ಕ್ರಿಯಾಪದಕ್ಕೂ ‘ನಂಬುತ್ತೇವೆ’ ಎಂಬ ಕ್ರಿಯಾಪದಕ್ಕೂ ಇರುವ ಅಂತರವನ್ನು ಮಗು ಕೇಳಿಸಿಕೊಳ್ಳಬಲ್ಲದು. ಆ ಅಂತರವನ್ನು ಮುಚ್ಚಿಟ್ಟರೆ ಮುಂದೊಂದು ದಿನ ವಿಜ್ಞಾನವನ್ನು ಕಲಿತ ಮಗುವಿಗೆ ತನ್ನನ್ನು ವಂಚಿಸಲಾಯಿತೆಂಬ ಭಾವನೆ ಬರುವ ಅಪಾಯವಿದೆ.

ಚಿಟ್ಟೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹಿತ್ತಲಿನ ಕರಿಬೇವಿನ ಗಿಡದಲ್ಲಿ, ರಸ್ತೆಯ ಬದಿಯ ಎಕ್ಕೆಯಲ್ಲಿ ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಂಬ ನಾಲ್ಕು ಹಂತಗಳನ್ನು ಮಕ್ಕಳು ಕೆಲವು ವಾರಗಳಲ್ಲಿ ಕಾಣಬಹುದು. ಗೂಡಿನೊಳಗೆ ಹುಳುವಿನ ಅಂಗಾಂಶಗಳಲ್ಲಿ ಬಹುಪಾಲು ಕರಗುತ್ತವೆ. ಮೊದಲೇ ಇದ್ದ ಚಿಕ್ಕ ಚಿಕ್ಕ ಕೋಶಸಮೂಹಗಳಿಂದ ರೆಕ್ಕೆ, ಕಾಲುಗಳು ಬೆಳೆಯುತ್ತವೆ. ಆದರೆ ಗೂಡು ಗೋರಿಯಲ್ಲ, ಒಳಗಿನ ಜೀವಿ ಒಂದು ಗಳಿಗೆಯೂ ಸತ್ತಿರುವುದಿಲ್ಲ. ರೂಪಾಂತರದ ಸಾಮ್ಯವಾಗಿ ಚಿಟ್ಟೆ ಸೊಗಸಾದುದು. ಸಾವನ್ನು ಗೆದ್ದ ಪುರಾವೆಯಾಗಿ ಅದು ನಿಲ್ಲದು.

೭. ಬೋಧನೆಗೆ ಒಂದು ಕ್ರಮ

ಮೇಲಿನ ವಿವೇಚನೆಯಿಂದ ಬೋಧನೆಗೆ ಅನುಕೂಲವಾದ ಒಂದು ಕ್ರಮವನ್ನು ಸೂಚಿಸಬಹುದು. ಮೂರು ತಟ್ಟೆಗಳಲ್ಲಿ ಒದ್ದೆ ಬಟ್ಟೆ, ಒಣ ಬಟ್ಟೆ, ಮತ್ತೆ ಒದ್ದೆ ಬಟ್ಟೆ ಹಾಸಬೇಕು. ಮೊದಲನೆಯದರಲ್ಲಿ ಕಡಲೆಕಾಳು, ಎರಡನೆಯದರಲ್ಲಿಯೂ ಕಡಲೆಕಾಳು, ಮೂರನೆಯದರಲ್ಲಿ ಪುಟಾಣಿ ಇಡಬೇಕು. ಕೆಲವು ದಿನಗಳಲ್ಲಿ ಮೊದಲನೆಯದು ಮೊಳೆಯುತ್ತದೆ. ಎರಡನೆಯದು ಹಾಗೆಯೇ ಉಳಿಯುತ್ತದೆ. ನೀರು ಹಾಕಿದರೆ ಅದೂ ಮೊಳೆಯುತ್ತದೆ. ಹುರಿದು ಮಾಡಿದ ಪುಟಾಣಿ ಬೂಸು ಹಿಡಿದು ಕೊಳೆಯುತ್ತದೆ. ಜೀವಂತ ಬೀಜ, ಕಾಯುತ್ತಿರುವ ಬೀಜ, ಸತ್ತ ಬೀಜ ಎಂಬ ಮೂರು ಸ್ಥಿತಿಗಳು ಪೇಟೆಯಿಂದ ತಂದ ಎರಡು ಬಗೆಯ ಕಾಳಿನಲ್ಲಿ ಸ್ಪಷ್ಟವಾಗುತ್ತವೆ. ಅನಂತರ ಸುವಾರ್ತೆಯ ಗೋದಿಯ ಕಾಳಿನ ಮಾತನ್ನು ಓದಬೇಕು. ಅದು ಯಾವ ಅಂಶದಲ್ಲಿ ತಟ್ಟೆಯ ಕಾಳಿನಂತಿದೆ, ಯಾವ ಅಂಶದಲ್ಲಿ ಇಲ್ಲ ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ದೊಡ್ಡ ಮಕ್ಕಳಿಗೆ ಹುರಿದ ಬೀಜದ ದಾರ್ಶನಿಕ ಅರ್ಥವನ್ನೂ ತಿಳಿಸಿದರೆ ನೆರೆಯವರ ನಂಬಿಕೆಯನ್ನು ಅಪಹಾಸ್ಯ ಮಾಡದೆ ತಮ್ಮ ನಂಬಿಕೆಯ ವಿಶೇಷವನ್ನು ಅರಿಯುವ ದಾರಿ ತೆರೆಯುತ್ತದೆ.

ಇಲ್ಲಿ ಕನ್ನಡ ಅಧ್ಯಾಪಕನ ಪಾತ್ರವೂ ಇದೆ. ೧೯೩೬ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದ ಶಿವರಾಮ ಕಾರಂತರು ವಿಜ್ಞಾನವನ್ನು ಮಕ್ಕಳ ಕನ್ನಡಕ್ಕೆ ತರುವ ದೊಡ್ಡ ಕೆಲಸಕ್ಕೆ ನಾಂದಿ ಹಾಡಿದರು. ಧರ್ಮಬೋಧನೆಯ ಕನ್ನಡವನ್ನು ಮಾತ್ರ ಕನ್ನಡ ವಿಭಾಗಗಳು ಮಿಶನರಿ ಸಾಹಿತ್ಯದ ಚರಿತ್ರೆಯಾಗಿಯೇ ಹೆಚ್ಚು ಅಭ್ಯಾಸ ಮಾಡಿವೆ. ನಿಘಂಟು, ವ್ಯಾಕರಣ, ಪತ್ರಿಕೆಗಳ ಚರ್ಚೆಯ ಆಚೆಗೆ, ಆ ಭಾಷೆ ಇಂದಿನ ಮಗುವಿನ ಬಾಯಲ್ಲಿ ಹೇಗಿದೆ, ಯಾವ ಪದ ಉಳಿದಿದೆ, ಯಾವುದು ಅರ್ಥ ಕಳೆದುಕೊಂಡಿದೆ ಎಂಬುದೂ ಸಂಶೋಧನೆಗೆ ಯೋಗ್ಯವಾದ ವಿಷಯ. ‘ಹಣಜಿ’ ಎಂಬ ಶಬ್ದವನ್ನು ಅನುವಾದಕ್ಕೆ ಆರಿಸಿದ ಕಾಲಕ್ಕೆ ಅದು ಒಕ್ಕಲಿಗರ ನಾಲಗೆಯ ಮೇಲಿತ್ತು. ಮಾರುಕಟ್ಟೆಯ ಪ್ರಾಂಗಣದ ಆಚೆ ಹೊಲವನ್ನೇ ನೋಡದ ಮಗುವಿಗೆ ಅದು ಈಗ ಬೈಬಲ್ಲಿನ ಪದ ಮಾತ್ರ. ಬೇಸಾಯದ ಪದಕೋಶ ಸವೆದಂತೆಲ್ಲ ವಿಜ್ಞಾನದ ಪಾಠವೂ ಸಾಮ್ಯದ ಪಾಠವೂ ಒಟ್ಟಿಗೇ ಬಡವಾಗುತ್ತವೆ. ಭಾನುವಾರದ ಶಾಲೆಯ ಶಿಕ್ಷಕ, ಪರಿಸರ ಅಧ್ಯಯನದ ಶಿಕ್ಷಕ, ಕನ್ನಡದ ಶಿಕ್ಷಕ ಈ ಮೂವರೂ ಕಾಪಾಡಬೇಕಾದ ಪದಗಳು ಹೀಗೆ ಒಂದೇ ಆಗಿವೆ. ಅವುಗಳನ್ನು ಮಗುವಿಗೆ ಕೊಡುವ ಮೊದಲು ಒಂದು ಹಿಡಿ ಕಾಳನ್ನು ಅದರ ಕೈಯಲ್ಲಿ ಇಡುವುದು ಅಗತ್ಯ.